ಡೆಲ್ಮರ್‌ನ ಹೊಗೆಸೊಪ್ಪಿನ ಡಬ್ಬಿ

ನಮ್ಮ ಗುಡ್ಡದ ಊರಿಗೆ ಆ ಪುಡಿ ಬಂದಾಗಿನಿಂದ ಪೊಲೀಸರಿಗೇ ಭಯ ಹಿಡಿದಿತ್ತು. ಪುಡಿ ಎಂದರೆ ಫೆಂಟನಿಲ್. ಕಾರ್ಖಾನೆಯಲ್ಲಿ ಮಾಡುವ ಅಫೀಮಿನಂಥ ಮತ್ತಿನ ಮದ್ದು. ಉಪ್ಪಿನ ಕೆಲವು ಕಾಳಿನಷ್ಟು ಒಳಗೆ ಹೋದರೂ ಉಸಿರು ನಿಲ್ಲಬಹುದು.

ನಾನು ಅಮೆರಿಕದ ಕೆಂಟಕಿಯ ಈ ಠಾಣೆಯಲ್ಲಿ ಫೋನ್ ಎತ್ತುವವಳು. ಯಾರೋ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆಂದು ಕರೆ ಬಂದರೆ ಸಾಕು, ನಮ್ಮ ಪೊಲೀಸ್ ಡೆಲ್ಮರ್ ಸ್ಕ್ಯಾಗ್ಸ್‌ನ ಮುಖ ಬಿಳಿಚಿಕೊಳ್ಳುತ್ತಿತ್ತು.

"ಮುಟ್ಟಿದ್ರೆ ನಾನೂ ಪಕ್ಕದಲ್ಲೇ ಮಲಗ್ತೀನಿ ಕಣಮ್ಮ. ಆಂಬುಲೆನ್ಸ್ ಬರ್ಲಿ," ಅನ್ನುತ್ತಿದ್ದ. ಈ ಗುಡ್ಡದ ದಾರಿಯಲ್ಲಿ ಆಂಬುಲೆನ್ಸ್ ಬರುವಷ್ಟರಲ್ಲಿ ಬಿದ್ದವರ ಗತಿ ದೇವರಿಗೇ ಗೊತ್ತು.

ಅದಕ್ಕೇ ನರ್ಸ್ ರೋಡಾ ತರಬೇತಿ ಕೊಡಲು ಬಂದಳು. ಬಂದವಳೇ ಬಿಳಿ ಪುಡಿಯ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿದಳು. ನನಗೋ ಇಣುಕುವ ಚಟ.

"ಇದು ಅದೇನಾ?"

"ಅಲ್ಲ, ಏನೂ ಮಾಡದ ಪುಡಿ. ಆದ್ರೆ ಅದೇ ಅಂದ್ಕೊಂಡು ಹಿಡೀರಿ," ಅಂದಳು. ಏನೋ ಗುಟ್ಟಿದೆ ಅನ್ನಿಸಿತು.

ಡೆಲ್ಮರ್ ಕೇಳಿದ, "ಚರ್ಮಕ್ಕೆ ತಾಗಿದ್ರೇ ಸಾಯ್ತಾರಂತಲ್ಲ?"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ಆ 'ಎಲ್ರೂ' ನಂಗಿನ್ನೂ ಸಿಕ್ಕಿಲ್ಲ ಸಾಹೇಬ್ರೇ. ತುಸು ತಾಗಿದ ಮಾತ್ರಕ್ಕೆ ಯಾರೂ ಬೀಳಲ್ಲ. ಅದು ಒಳಗೆ ಹೋಗೋದು ಬಾಯಿ, ಮೂಗು, ಕಣ್ಣಿಂದ. ಕೈಗವಸು ಹಾಕಿ. ಪುಡಿ ಗಾಳೀಲಿ ಹಾರ್ತಿದ್ರೆ ಮಾಸ್ಕ್ ಹಾಕಿ, ಹಿಂದೆ ಸರೀರಿ. ಮೂಸಿ ನೋಡೋದು, ನೆಕ್ಕಿ ನೋಡೋದು ಬೇಡ್ವೇ ಬೇಡ."

"ಇಷ್ಟೇನಾ? ಇದಕ್ಕೆ ತರಬೇತಿ ಬೇರೆ."

"ಮಾಡಿ ತೋರ್ಸಿ, ನೋಡೋಣ."

ಡೆಲ್ಮರ್ ಕೈಗವಸು ಹಾಕಿಕೊಂಡು ಪೊಟ್ಟಣಗಳನ್ನು ನಿಧಾನವಾಗಿ ಚೀಲಕ್ಕೆ ತುಂಬಿ ಸೀಲು ಮಾಡಿದ. ಒಂದು ತಪ್ಪಿಲ್ಲ. ಆಮೇಲೆ, ನಮ್ಮ ಕಡೆಯ ಗಂಡಸರು ಕೆಲಸ ಮುಗಿದೊಡನೆ ಮಾಡುವುದನ್ನೇ ಮಾಡಿದ. ಜೇಬಿನಿಂದ ಡಬ್ಬಿ ತೆಗೆದು, ಒಂದು ಚಿಟಿಕೆ ಹೊಗೆಸೊಪ್ಪನ್ನು ಕೆಳದುಟಿಯೊಳಗೆ ಇಟ್ಟುಕೊಂಡ. ಕೈಗವಸು ಬಿಚ್ಚಿದ್ದು ಅದಾದ ಮೇಲೆ. ಇದು ದಿನಾ ನೋಡುವ ನೋಟ, ನಮಗ್ಯಾರಿಗೂ ಏನೂ ಅನ್ನಿಸಲಿಲ್ಲ. ರೋಡಾ ಮಾತ್ರ ಆ ಡಬ್ಬಿಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಅವನ ಹೆಂಡತಿ ವರ್ಲೀನ್ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ತಂದಳು. ಕಂಕುಳಲ್ಲಿ ಮೊಮ್ಮಗಳು ಟ್ಯಾನ್ಸಿ. ಕೂಸನ್ನು ಕಂಡರೆ ಡೆಲ್ಮರ್ ಬೆಣ್ಣೆಯಾಗಿಬಿಡುತ್ತಾನೆ. ಎತ್ತಿಕೊಂಡು ಮುಖಕ್ಕೆಲ್ಲ ಮುತ್ತಿಟ್ಟ.

ಆಗ ರೋಡಾ ಪರದೆ ಎಳೆದು, ದೀಪ ಆರಿಸಿ, ನೇರಳೆ ಬೆಳಕಿನ ಟಾರ್ಚ್ ಹಚ್ಚಿದಳು.

"ಏನಮ್ಮ, ಮ್ಯಾಜಿಕ್ಕಾ?" ಡೆಲ್ಮರ್ ನಕ್ಕ. ನಕ್ಕ ತುಟಿ ಹಸಿರಾಗಿ ಹೊಳೆಯಿತು. ಡಬ್ಬಿ ಹೊಳೆಯಿತು, ಜೇಬಿನ ಅಂಚು ಹೊಳೆಯಿತು. ಟಾರ್ಚ್ ಕೂಸಿನ ಕಡೆ ತಿರುಗಿತು. ಅದರ ಬಾಯಿಯ ಅಂಚಿನಲ್ಲೂ ಹಸಿರು ಚುಕ್ಕೆ. ಕೂಸು ಅದನ್ನು ನೆಕ್ಕುತ್ತಿತ್ತು.

ವರ್ಲೀನ್‌ಗೆ ಜೀವ ಬಾಯಿಗೆ ಬಂತು.

"ಹೆದರ್ಬೇಡಿ ಅಮ್ಮ, ಇವತ್ತಿನದು ಬರೀ ಈ ಬೆಳಕಿಗೆ ಹೊಳೆಯೋ ಪುಡಿ," ಅಂದಳು ರೋಡಾ.

ಡೆಲ್ಮರ್ ಸ್ಯಾನಿಟೈಸರ್ ಬಾಟಲಿಗೆ ಕೈ ಚಾಚಿದ.

"ಅದು ಬೇಡ. ಅದ್ರಿಂದ ಪುಡಿ ಹೋಗಲ್ಲ, ಚರ್ಮದೊಳಗೆ ಇಳಿಯೋಕೆ ಇನ್ನೂ ಸಲೀಸಾಗ್ಬಹುದು. ಸೋಪು, ನೀರು."

ಅವನು ಬಹಳ ಹೊತ್ತು ಕೈ ತಿಕ್ಕಿದ. "ಬಿದ್ದೋರನ್ನ ಮುಟ್ಟೋಕೆ ಹೆದರ್ತಿದ್ದೆ. ಈ ಡಬ್ಬಿಗೆ ಹೆದರ್ಲೇ ಇಲ್ವಲ್ಲ," ಅಂದ.

"ಮದುವೆ ಆದಾಗಿಂದ ನಾನು ಬಡ್ಕೊಂಡಿದ್ದೂ ಅದನ್ನೇ," ಅಂದಳು ವರ್ಲೀನ್.

ಅದೇ ವಾರ ಪೆಟ್ರೋಲ್ ಬಂಕಿನ ಹಿಂದೆ ಒಬ್ಬ ಹುಡುಗಿ ಬಿದ್ದಿದ್ದಾಳೆಂದು ಕರೆ ಬಂತು. ಆಂಬುಲೆನ್ಸಿಗೆ ಹೇಳಿ, ನಾನು ವೈರ್‌ಲೆಸ್ ಹಿಡಿದು ಕೂತೆ. ಈ ಸಲ ಡೆಲ್ಮರ್ ದೂರ ನಿಲ್ಲಲಿಲ್ಲ. ಕೈಗವಸು ಹಾಕಿ, ಅವಳ ಮೂಗಿಗೆ ಆ ಮತ್ತನ್ನು ಇಳಿಸುವ ನ್ಯಾಲೋಕ್ಸೋನ್ ಔಷಧಿ ಸಿಂಪಡಿಸಿ, ಪಕ್ಕಕ್ಕೆ ಹೊರಳಿಸಿ ಕೂತ. ಕೊನೆಗೂ ಅವನ ದನಿ ಕೇಳಿತು.

"ಉಸಿರಾಡ್ತಿದ್ದಾಳೆ ಕಣಮ್ಮ. ಆಂಬುಲೆನ್ಸ್ ಬರೋವರೆಗೂ ಇಲ್ಲೇ ಇರ್ತೀನಿ. ವರ್ಲೀನ್‌ಗೆ ಹೇಳು, ಕೈ ತೊಳ್ಕೊಂಡೇ ಬರ್ತೀನಿ ಅಂತ."

ಖಾಕಿ ತೊಟ್ಟ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಬಿದ್ದವರನ್ನು ಮುಟ್ಟಲು ಹೆದರಬೇಡಿ. ಕೈಗವಸಿನ ಕೈಯನ್ನು ಬಾಯಿಗೆ ಒಯ್ಯಲು ಮಾತ್ರ ಹೆದರಿ. ಮನೆಯಲ್ಲಿ ಕೂಸು ಓಡಿ ಬಂದರೆ, ಮೊದಲು ನಲ್ಲಿ, ಆಮೇಲೆ ಮುತ್ತು.