ಶ್ರಾವಣದ ಒಂದೇ ಹೂವು

ಮುಂಬಯಿಯ ಚೆಂಬೂರಿನ ಒಂದು ಚಾಳಿನ ಮುಂದೆ, ನಲ್ಲಿಯ ಮಗ್ಗುಲಲ್ಲಿ, ಒಂದು ಚಾಪೆ ಹಾಸುವಷ್ಟು ಮಣ್ಣಿತ್ತು. ಅಣವೀರಪ್ಪ ಬದುಕಿರುವ ತನಕ ಎಲ್ಲರೂ ಅದನ್ನು ಅವನ ತೋಟವೆಂದೇ ಕರೆಯುತ್ತಿದ್ದರು. ಕಾರ್ಖಾನೆಯ ಕಾಲನಿಯೊಂದರಲ್ಲಿ ಮಾಲಿಯಾಗಿದ್ದ ಆತ ಅಲ್ಲಿಂದ ಒಮ್ಮೆ ಹಿಡಿ ಬೀಜ ತಂದು, ಅದರ ತಳಿಯಿಂದಲೇ ವರ್ಷ ವರ್ಷವೂ ಸೂರ್ಯಕಾಂತಿ ಬೆಳೆಸುತ್ತಿದ್ದ. ಎಲ್ಲೆಡೆ ಕಾಣುವ ಕಡುಹಳದಿಯದಲ್ಲ. ಆಗ ತಾನೆ ಕಡೆದು ತೆಗೆದ ಆಕಳ ಬೆಣ್ಣೆಯಂಥ ತಿಳಿಹಳದಿ. ಮೊದಲು ಅರಳಿದ ಹೂ ಹೆಂಡತಿ ಭಾಗವ್ವನ ಪೂಜೆಗೆ, ಎಲ್ಲಕ್ಕೂ ದೊಡ್ಡದು ಬೀಜಕ್ಕೆ. ಇದು ಅವರ ಮನೆಯ ಕಟ್ಟಳೆ.

ಎಪ್ಪತ್ತನೆಯ ಇಸವಿಯ ಬೇಸಿಗೆಯಲ್ಲಿ ಅಣವೀರಪ್ಪ ಲಿಂಗೈಕ್ಯನಾದ. ಅವನ ರುಮಾಲಿನ ತುದಿಯಲ್ಲಿ ಬೀಜದ ಗಂಟು ಹಾಗೇ ಇತ್ತು. ಆತ ಬಿತ್ತುತ್ತಿದ್ದುದು ದಸರೆ ಕಳೆದು ಮಳೆ ಹಿಂದೆಗೆದ ಮೇಲೆ. ಭಾಗವ್ವನಿಗೆ ಅಲ್ಲಿಯವರೆಗೆ ಕಾಯುವ ಮನಸ್ಸಾಗಲಿಲ್ಲ. ವಿಜಾಪುರದ ಕಡೆಯ ತವರಿನಲ್ಲಿ ಮುಂಗಾರಿಗೆ ಸಜ್ಜೆ ಬಿತ್ತುವ ಹಾಗೆ, ಮೊದಲ ಮಳೆಗೇ ಇದ್ದುದನ್ನೆಲ್ಲ ಬಿತ್ತಿಬಿಟ್ಟಳು. ಮುಂಬಯಿಯ ಮಳೆ ತವರಿನ ಮಳೆಯಲ್ಲ. ನೀರು ನಿಂತು ಬೀಜ ಕೊಳೆತವು. ಗೋಡೆ ಬುಡದ ದಿಬ್ಬದಲ್ಲಿ ಬಿದ್ದ ಒಂದು ಮಾತ್ರ ಮೊಳೆತು, ಬೆಳೆದು, ಮೊಗ್ಗು ಕಟ್ಟಿತು. ಆ ಮೊಗ್ಗು ಬಿರಿದದ್ದು ಶ್ರಾವಣ ಸೋಮವಾರದ ಹಿಂದಿನ ಸಂಜೆ.

ಭಾಗವ್ವ ಗಿಡದ ಮುಂದೆ ನಿಂತೇ ಇದ್ದಳು. ಕೊಯ್ದು ಲಿಂಗಕ್ಕೆ ಏರಿಸಿದರೆ ಗಂಡನ ಕೈಯಿಂದ ಬಂದ ತಳಿ ಅಲ್ಲಿಗೆ ಮುಗಿಯಿತು. ಬೀಜಕ್ಕೆ ಬಿಟ್ಟರೆ ದೇವರಿಗೆ ಸಲ್ಲಬೇಕಾದ ಮೊದಲ ಹೂವನ್ನು ತನಗೆ ಇಟ್ಟುಕೊಂಡಂತೆ. ಹುಟ್ಟಿದಾರಭ್ಯ ಆಕೆ ಹಾಗೆ ಮಾಡಿದವಳಲ್ಲ.

ಪಕ್ಕದ ಖೋಲಿಯ ವಾರಿಜಾ ನೀರಿಗೆ ಬಂದವಳು ಸಂಗತಿ ಕೇಳಿ ಕೊಡ ಕೆಳಗಿಟ್ಟಳು. ಉಡುಪಿಯ ಕಡೆಯವಳು, ಗಂಡ ಹೋಟೆಲಿನಲ್ಲಿ ಸಪ್ಲಾಯರ್.

"ಇಡ್ಲಿ ಮುಗಿದ್ರೆ ನಮ್ಮವರು ಗಿರಾಕಿಗೆ ನಾಳೆ ಬನ್ನಿ ಅಂತಾರೆ. ನೀವೂ ದೇವರಿಗೆ ಹಾಗೇ ಹೇಳಿ ಭಾಗಕ್ಕ."

ಭಾಗವ್ವ ನಗಲಿಲ್ಲ. ಹಾಗಾದರೆ ಒಂದು ಎಸಳು ಕಿತ್ತು ಏರಿಸಿ, ಹೂವೂ ಉಳಿಯುತ್ತದೆ ಎಂದಳು ವಾರಿಜಾ.

"ರೊಟ್ಟಿ ಮುರದು ತಾ ತಿಂದು, ತುಣುಕು ಶಿವಗ ಕೊಟ್ಟಂಗ ಆಕ್ಕೈತಿ ತಂಗಿ. ಕೊಟ್ರ ಇಡೀದು ಕೊಡಬೇಕು."

ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಭಾಗವ್ವ ಮಿಂದು, ವಿಭೂತಿ ಧರಿಸಿ, ದಿನದಂತೆ ಒಳಗಿನ ಮೂಲೆಯಲ್ಲಿ ಪೂಜೆಗೆ ಕುಳಿತಳು. ಕೊರಳ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿ ಇರಿಸಿಕೊಂಡಳು. ಹೂ ತರಲು ಏಳಬೇಕಿತ್ತು. ಬಾಗಿಲ ಕಡೆ ನೋಡಿದಳು. ಗುಡಿಯ ದೇವರಾದರೆ ಹೂವೇ ಹೋಗಬೇಕು. ಇದು ತನ್ನ ಅಂಗೈಯಲ್ಲೇ ಇರುವ ದೇವರು. ತಾನು ಹೋದಲ್ಲಿಗೆ ಬರುವವನು.

ಲಿಂಗವನ್ನು ಹಿಡಿದೇ ಹೊರಗೆ ಬಂದಳು. ನಲ್ಲಿಯ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಗಿಡ ಆಕೆಗಿಂತ ಎತ್ತರ. ದಂಟನ್ನು ಬಗ್ಗಿಸಹೋದಳು, ಅದು ಚಟ್ ಎಂದಿತು. ಥಟ್ಟನೆ ಕೈಬಿಟ್ಟಳು. ದಂಟು ಮುರಿದಿರಲಿಲ್ಲ. ಆಮೇಲೆ ಹೂವನ್ನು ಮುಟ್ಟಲಿಲ್ಲ. ತುದಿಗಾಲಲ್ಲಿ ನಿಂತು ಅಂಗೈಯನ್ನೇ ಮೇಲೆತ್ತಿ ಹೂವಿನ ಕೆಳಗೆ ಹಿಡಿದಳು.

"ಇದು ಇಡೀದೂ ನಿಂದ ಐತಿ, ತಂದೆ. ಗಿಡದಾಗ ಇರಲಿ" ಎಂದಳು.

ಒಂದು ಜೇನುನೊಣ ಹೂವಿನ ನಡುವಿನಿಂದ ಎದ್ದುಹೋಯಿತು. ಹಳದಿ ಧೂಳಿ ಉದುರಿ ಲಿಂಗದ ಮೇಲೆ ಕುಳಿತಿತು. ಭಾಗವ್ವ ತೋಳು ನಡುಗುವ ತನಕ ಹಾಗೇ ನಿಂತಿದ್ದು, ಒಳಗೆ ಹೋಗಿ ಪೂಜೆ ಮುಗಿಸಿದಳು.

ಎಸಳು ಉದುರಿದ ಮೇಲೆ ಗಿಳಿಗಳು ಮುಟ್ಟದಂತೆ ಹೂವಿಗೆ ಅಣವೀರಪ್ಪನ ರುಮಾಲನ್ನೇ ಕಟ್ಟಿದಳು. ಒಣಗಿದ ಮೇಲೆ ಬಿಡಿಸಿದರೆ ಬಹುಪಾಲು ಜೊಳ್ಳು. ಮೊರದಲ್ಲಿ ಕೇರಿದಾಗ ಗಟ್ಟಿ ಕಾಳು ಒಂದು ಚಿಟಿಕೆಯಷ್ಟು ಉಳಿಯಿತು. ಅರ್ಧವನ್ನು ರುಮಾಲಿನ ತುದಿಗೆ ಗಂಟು ಹಾಕಿ, ಉಳಿದರ್ಧವನ್ನು ವಾರಿಜಾಳ ಕೈಗೆ ಕೊಟ್ಟಳು. ದಸರೆ ಕಳೆಯುವ ತನಕ ಬಿತ್ತಬೇಡ ಎಂದು ಎರಡು ಸಲ ಹೇಳಿದಳು.