ಅಧಿಕಾರಿಗೆ ಮಾಡಿದ ಕಾಫಿ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ನಡುವೆ ಎದ್ದು ಹೋಗಬೇಡಿ, ತೀರ್ಪನ್ನೂ ಕೊಡಬೇಡಿ.

ಸಿರಿಯಾದ ಸೈನ್ಯ ಲೆಬನಾನಿಗೆ ಬಂದು ಕೂತು ಹದಿನೈದು ವರ್ಷವಾಗಿತ್ತು. ಝಹ್ಲೆ ಊರಿನ ನಜಲಾಳ ಮಗ ಗಸ್ಸಾನನನ್ನು ಅವರು ಬಸ್ಸಿನಿಂದ ಇಳಿಸಿಕೊಂಡು ಹೋಗಿ ನಾಲ್ಕು ವರ್ಷ. ಇದ್ದಾನೋ ಇಲ್ಲವೋ, ಸುದ್ದಿಯೇ ಇಲ್ಲ. ಆವತ್ತು ಬೆಳಿಗ್ಗೆ ಅವರ ಅಧಿಕಾರಿಯೊಬ್ಬ ಹೇಳಿ ಕಳಿಸಿದ: ನಾಲ್ಕು ಗಂಟೆಗೆ ಕಾಫಿಗೆ ಬರುತ್ತೇನೆ, ಮಗನ ವಿಷಯ ಮಾತಾಡುವುದಿದೆ.

ನಜಲಾಗೆ ಆಗಿನಿಂದ ಒಂದೇ ಪ್ರಶ್ನೆ: ಕಾಫಿಗೆ ಸಕ್ಕರೆ ಹಾಕುವುದೋ ಬೇಡವೋ? ಆ ಕಡೆ ಸಾವಿನ ಮನೆಯಲ್ಲಿ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಹಾಕುವುದಾದರೆ ಪುಡಿಯ ಜೊತೆಗೇ ಕುದಿಯಬೇಕು, ಆಮೇಲೆ ಬೆರೆಸುವ ಮಾತಿಲ್ಲ.

“ಕಹೀದೇ ಮಾಡಿ ಅತ್ತಿಗೆ,” ಎಂದಳು ನಾದಿನಿ ಅಫೀಫೆ. “ಅವ್ನು ಸುಮ್ಸುಮ್ನೆ ಬರ್ತಾನಾ? ಸಾವಿನ ಸುದ್ದಿ ತಂದೋನಿಗೆ ಸಿಹಿ ಕೊಟ್ರೆ ಊರು ಏನಂದೀತು?”

“ನನ್ ಕೈಯಾರೆ ಮಗನ್ನ ಹೂತುಬಿಡ್ಲಾ?”

“ಅಲ್ದೆ, ಈ ಜನಕ್ಕೆ ಸಕ್ರೆ ಹಾಕಿದ್ರೆ ಇನ್ನೂ ಹದಿನೈದು ವರ್ಷ ಇಲ್ಲೇ ಇರ್ತಾರೆ.”

ನಜಲಾ ನಗಲಿಲ್ಲ. ಕಾಫಿ ಹೇಗಿರಬೇಕೆಂದು ಬಂದವರನ್ನು ಕೇಳುವುದು ವಾಡಿಕೆ ತಾನೇ? ಸಿಹಿಯೋ ಕಹಿಯೋ, ಅವನ ಬಾಯಿಂದಲೇ ಬರಲಿ ಎಂದುಕೊಂಡಳು.

ನಾಲ್ಕಕ್ಕೆ ಸರಿಯಾಗಿ ಬಂದ. ಬೂಟು ಒರೆಸಿಕೊಂಡು, ಕೂತು, ಮೇಜಿನ ಮೇಲೆ ಒಂದು ಕಾಗದ ಇಟ್ಟ.

“ಕಾಫಿ ಹೇಗೆ ಮಾಡ್ಲಿ ಸಾಹೇಬ್ರೇ?”

“ಈ ಮನೇಲಿ ಈಗ ಹೇಗೆ ಕುಡೀತೀರೋ ಹಾಗೇ, ಗಸ್ಸಾನನ ತಾಯಿ.” ಕಾಗದವನ್ನು ಬೆರಳಲ್ಲಿ ತಳ್ಳಿದ. “ಆಸೆ ಬಿಟ್ಟಿದ್ರೆ ಇದಕ್ಕೊಂದು ರುಜು ಹಾಕಿ, ಸತ್ತ ಅಂತ ಫೈಲ್ ಮುಚ್ತೀವಿ. ಆಮೇಲೆ ನನಗೆ ಗೊತ್ತಿರೋದು ಹೇಳ್ತೀನಿ.”

“ಮೊದ್ಲು ಹೇಳಿ.”

“ಮೊದ್ಲು ಕಾಫಿ.”

ಒಳಗೆ ನೀರು ಕುದಿಯುತ್ತಿತ್ತು. “ಸಕ್ರೆ ಡಬ್ಬಿ ಮುಟ್ಬೇಡಿ,” ಅಫೀಫೆ ಅವಳ ತೋಳು ಹಿಡಿದಳು. “ಗೊತ್ತಾದ್ರೆ ಸಾಕು ಅತ್ತಿಗೆ. ಪಾದ್ರಿಗೆ ಹೇಳಿ ಒಂದು ಪ್ರಾರ್ಥನೆನಾದ್ರೂ ಮಾಡ್ಸೋಣ.”

ಫೈಲು ಮುಚ್ಚಿದ ಮೇಲೆ ಬದುಕಿರುವವನನ್ನು ಯಾರು ಹುಡುಕುತ್ತಾರೆ? ಅದೊಂದೇ ನಜಲಾಳ ತಲೆಯಲ್ಲಿ. ತೋಳು ಬಿಡಿಸಿಕೊಂಡು ಡಬ್ಬಿ ತೆಗೆದಳು. ಪುಡಿಯ ಜೊತೆಗೇ ಮೂರು ಚಮಚ ಸಕ್ಕರೆ ಹಾಕಿದಳು.

ಅವನು ಒಂದೇ ಗುಟುಕು ಕುಡಿದು ಲೋಟ ಇಟ್ಟ. ಕಾಗದ ಮಡಚಿ ಜೇಬಿಗೆ ಸೇರಿಸಿದ. “ಸಿಹಿ. ಹಾಗಾದ್ರೆ ನೀವು ಆಸೆ ಬಿಟ್ಟಿಲ್ಲ, ನನಗೂ ಏನೂ ಗೊತ್ತಿಲ್ಲ,” ಎಂದು ಎದ್ದು ಹೋದ.

“ಅವನಿಗೆ ಗೊತ್ತಿತ್ತು ಅತ್ತಿಗೆ,” ಬಾಗಿಲಲ್ಲಿ ನಿಂತು ಅಫೀಫೆ ಅಂದಳು. “ಬಾಯ್ತುದೀಲಿತ್ತು.”

ನಜಲಾ ಅವನ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?