ಸುಗ್ಗಿ ಹಾಡಿನ ಟಿಪ್ಪಣಿ

ಹುಳಿ, ಹಸಿಹುಳಿ, ಎಲ್ಲೋ ಕಣದ ಮೇಲೆ ಕಾಫಿ ಹಣ್ಣು ಒಣಗಲು ಹರಡಿದ್ದಾರೆ, ಮಂಜಿನಲ್ಲಿ ಕಣವೂ ಕಾಣುವುದಿಲ್ಲ ಹರಡಿದವರೂ ಕಾಣುವುದಿಲ್ಲ, ವಾಸನೆಯೊಂದೇ ಬಸ್ಸಿನ ಕಿಟಕಿಯಿಂದ ಒಳಗೆ ಬಂದು ಗುರುವಪ್ಪನವರ ಮಗ್ಗುಲಲ್ಲಿ ಕೂತಿದೆ, ಬೋಯಿಕೇರಿ ದಾಟಿತೇ, ದಾಟಿರಬೇಕು, ಬಸ್ಸು ಇಳಿಜಾರಿನಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿದೆ, ಹೊರಗಿನ ಬಿಳುಪಿನಿಂದ ಒಂದೊಂದೇ ಸಿಲ್ವರ್ ಮರ ಹತ್ತಿರ ಬಂದು ಮುಖ ನೋಡಿ ಹಿಂದಕ್ಕೆ ಸರಿಯುತ್ತಿದೆ, ಗುರುತು ಸಿಕ್ಕಿತು ಎನ್ನುವ ಹಾಗೆ, ಸಿಕ್ಕಿದ್ದು ಬೇಡ ಎನ್ನುವ ಹಾಗೆ — ಉಸಿರೆಳೆದಾಗಲೆಲ್ಲ ಕೋಟಿನ ಒಳಜೇಬಿನಲ್ಲಿ ಕಾಗದ ಗರಗರ ಎನ್ನುತ್ತದೆ, ತಲೆಯ ಮೇಲೆ ಕೂರ್ಗ್ ಸ್ಟೇಟ್ ಎಂದು ಅಚ್ಚಾದ ಕಾಗದ, ಐವತ್ತಮೂರನೇ ಇಸವಿಯ ಹೊಸ ಕಾಗದ, ಮಾನ್ಯ ಪಂಡಿತ ಗುರುವಪ್ಪನವರಿಗೆ, ನಮ್ಮ ಶಾಲೆಗಳ ಹೊಸ ಪಠ್ಯಕ್ಕೆ ಫ್ರೇಸರ್‌ಪೇಟೆಯ ಸಣ್ಣಸ್ವಾಮಿಯವರ ಸುಗ್ಗಿ ಹಾಡನ್ನು ಆರಿಸಲಾಗಿದೆ, ಅದಕ್ಕೊಂದು ಅರ್ಥವಿವರಣೆಯ ಟಿಪ್ಪಣಿ ಬರೆಯಲು ತಮಗಿಂತ ಯೋಗ್ಯರು ಈ ಸೀಮೆಯಲ್ಲಿಲ್ಲ. ಕೆಳಗೆ ಧರ್ಮಪಾಲನ ರುಜು, ಒಂದು ಕಾಲಕ್ಕೆ ತಮ್ಮ ಮುಂದೆ ಬೆಂಚಿನ ಮೇಲೆ ಕೂತು ಹಳಗನ್ನಡ ಒಪ್ಪಿಸುತ್ತಿದ್ದ ಧರ್ಮಪಾಲ ಈಗ ಪಠ್ಯ ಸಮಿತಿಯ ಕಾರ್ಯದರ್ಶಿ, ಕಾಗದ ಕೊಡಲು ತಾನೇ ಬಂದಿದ್ದ, ಕೂತವನು ದನಿ ತಗ್ಗಿಸಿ, ಅವತ್ತು ಯಾವ ಪುಣ್ಯಾತ್ಮ ಈ ಹಾಡನ್ನ ಬ್ರಿಟಿಷರಿಗೆ ಬಿಡಿಸಿ ಹೇಳಿದ್ನೋ ಗೊತ್ತಿಲ್ಲ ಸಾರ್, ಫೈಲೆಲ್ಲ ಸುಟ್ಟುಹೋಗಿದೆಯಂತೆ, ಅಂದ, ಇನ್ನೊಂದು ಮಾತು, ಆ ಮೂರನೇ ಅರ್ಥ ಇದೆಯಲ್ಲ, ಅದನ್ನ ಸ್ವಲ್ಪ ಮೆದುವಾಗಿ ಬರೀರಿ, ಮೇಲಿನವರ ಅಭಿಪ್ರಾಯ, ಕಾಲ ಸೂಕ್ಷ್ಮ. ಕಾಲ ಯಾವಾಗ ಸೂಕ್ಷ್ಮ ಆಗಿರಲಿಲ್ಲ, ಅಂದುಕೊಂಡರೇ ಹೊರತು ಗುರುವಪ್ಪನವರು ಅನ್ನಲಿಲ್ಲ, ಆಗಲಿ ಎಂದರು, ಆಗಲಿ ಎನ್ನುವುದು ಅವರ ಬಾಯಿಗೆ ನಲವತ್ತೆರಡರಲ್ಲೇ ಅಂಟಿಕೊಂಡ ಮಾತು. ಒಳಗಿನಿಂದ ಕೇಳಿಸಿಕೊಂಡ ಹೆಂಡತಿ ಯಮುನ ಎರಡು ದಿವಸದ ಮೇಲೆ ಇವತ್ತು ಬೆಳಿಗ್ಗೆ ಕೋಟನ್ನು ಗೂಟದಿಂದ ತೆಗೆದು ಕೈಗೆ ಕೊಟ್ಟಳು, ಮೊದ್ಲೇ ಹೋಕಿತ್ತ್, ಅಂದಳು, ಸಣ್ಣಸ್ವಾಮಿಯ ಹತ್ತಿರ ಮೊದಲೇ ಹೋಗಬೇಕಾಗಿತ್ತು, ಅಷ್ಟೇ.

ಸುಂಟಿಕೊಪ್ಪದಲ್ಲಿ ಜನ ಇಳಿದರು ಜನ ಹತ್ತಿದರು, ಮಂಜು ತೆಳುವಾಗಿದೆ, ರಸ್ತೆಯ ಎಡಕ್ಕೆ ಕೊಯ್ದ ಗದ್ದೆ, ಕೂಳೆ ಮಾತ್ರ ಉಳಿದ ಗದ್ದೆ, ಬರಿಗಾಲಿಗೆ ಚುಚ್ಚುವ ಕೂಳೆಯ ಮೇಲೆ ಸಣ್ಣಸ್ವಾಮಿ ನಡೆಯುತ್ತಿದ್ದುದು ಕಾಣುತ್ತದೆ, ಟ್ರೈನಿಂಗ್ ಸ್ಕೂಲಿನ ದಿನಗಳಲ್ಲಿ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು, ಗುರುವಪ್ಪ ಒಂದು ಪದ ಎಸೆದರೆ ಅವನು ಅದಕ್ಕೆ ಇನ್ನೊಂದು ಅರ್ಥ ಹುಡುಕಿ ವಾಪಸು ಎಸೆಯುತ್ತಿದ್ದ, ಹಾಸನದ ಕಡೆಯಿಂದ ಬಂದು ಹೊಳೆಯ ಬಳಿ ನೆಲೆನಿಂತ ಒಕ್ಕಲಿನವನು, ಪ್ರೈಮರಿ ಮೇಷ್ಟ್ರು, ನಲವತ್ತೆರಡರ ಹುತ್ತರಿ ಹಬ್ಬ ಕಳೆದು ಕೊಯ್ಲು ಶುರುವಾದಾಗ ಹೆಂಗಸರು ಹಾಡಲೆಂದು ಕಟ್ಟಿಕೊಟ್ಟ ಹಾಡು, ಅರಿಯದವರು ಅರಿಯದಂತೆ ಅರಿಯ ಕೊಯ್ಯಿರೋ, ಹೊರೆಯ ಕಟ್ಟಿ ಹೊಳೆಯ ಆಚೆ ಇಳಿಸಿ ಬನ್ನಿರೋ — ಗದ್ದೆಯಿಂದ ಗದ್ದೆಗೆ ಹಾರಿ ಒಂದೇ ವಾರದಲ್ಲಿ ಹೊಳೆಯುದ್ದಕ್ಕೂ ಹಬ್ಬಿತು, ಹಾಡು ಹಬ್ಬಿದ ಕಡೆಯಲ್ಲೆಲ್ಲ ರಸ್ತೆ ಬದಿಯ ಟೆಲಿಗ್ರಾಫ್ ತಂತಿ ತುಂಡಾಯಿತು, ಹಾಡಿಗೂ ತಂತಿಗೂ ಸಂಬಂಧ ಉಂಟೋ ಇಲ್ಲವೋ ಯಾರಿಗೆ ಗೊತ್ತು, ಪೊಲೀಸರಿಗೆ ಅನುಮಾನ ಬಂತು. ಮಡಿಕೇರಿ ಕೋಟೆಯೊಳಗಿನ ಆ ಉದ್ದ ಕೋಣೆ, ಕಿಟಕಿಯ ಬಿಸಿಲು ನೆಲದ ಮೇಲೆ ಹಳದಿ ಬಟ್ಟೆಯಂತೆ ಬಿದ್ದಿದೆ, ಯುದ್ಧಕಾಲಕ್ಕೆಂದು ಬಂದ ದೊರೆ ಎದುರಿನ ಕುರ್ಚಿ ತೋರಿಸುತ್ತಾನೆ, ಅಲ್ಲಿಯ ತನಕ ಯಾವ ದೊರೆಯೂ ಅವರಿಗೆ ಕುರ್ಚಿ ತೋರಿಸಿರಲಿಲ್ಲ, ಚಹಾ ತರಿಸುತ್ತಾನೆ, ಪಂಡಿತರೇ ಈ ಹಾಡಿನಲ್ಲಿ ಏನಾದರೂ ಇದೆಯೇ. ಏನೂ ಇಲ್ಲ, ಸುಗ್ಗಿಯ ಹಾಡು, ಕೊಯ್ದು ಹಿಡಿಹಿಡಿಯಾಗಿ ಹಾಕಿದ ತೆನೆಗೆ ಅರಿ ಎನ್ನುತ್ತಾರೆ, ಅಷ್ಟೇ ಎಂದು ಗುರುವಪ್ಪನವರು ಒಂದೇ ಸಾಲು ಬರೆದುಕೊಟ್ಟರು, ಕೊಟ್ಟಿದ್ದರು, ಆ ಸಾಲು ದೊರೆಯ ಕೈ ಸೇರಿತ್ತು, ಎದ್ದು ನಿಂತಿದ್ದರು, ಬಾಗಿಲು ಹತ್ತು ಹೆಜ್ಜೆ ಇತ್ತು. ಆಗ ದೊರೆ ನಗುತ್ತಾ ಅಂದ, ನನಗೂ ಹಾಗೇ ಅನ್ನಿಸಿತು, ಮದರಾಸಿನ ಇನ್ನೊಬ್ಬ ಪಂಡಿತರೂ ಅದನ್ನೇ ಬರೆದಿದ್ದಾರೆ, ಬೇರೆ ಪದ ಗೊತ್ತಿಲ್ಲದ ಹಳ್ಳಿಗನೊಬ್ಬ ಇದ್ದ ಒಂದು ಪದವನ್ನೇ ಮೂರು ಸಲ ತೊದಲಿದ್ದಾನೆ ಅಂತ. ತೊದಲಿದ್ದಾನೆ. ಸಣ್ಣಸ್ವಾಮಿ ತೊದಲಿದ್ದಾನೆ. ಗುರುವಪ್ಪನವರು ಮತ್ತೆ ಕೂತರು, ಯಾಕೆ ಕೂತೆ, ಈ ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಎಷ್ಟು ಸಲ ಕೂರದೆ ಹೊರಗೆ ನಡೆದಿಲ್ಲ, ಆದರೆ ಪ್ರತಿ ಸಲವೂ ಕಾಲು ಬಾಗುತ್ತದೆ, ಬಾಯಿ ತೆರೆಯುತ್ತದೆ, ತೊದಲಲ್ಲ ಸ್ವಾಮಿ, ಅದು ಶ್ಲೇಷೆ, ಅರಿ ಎಂದರೆ ತಿಳಿ, ಅರಿ ಎಂದರೆ ತೆನೆ, ಸಂಸ್ಕೃತದಲ್ಲಿ ಅರಿ ಎಂದರೆ ಶತ್ರು, ತಿಳಿಯದವರಿಗೆ ತಿಳಿಯದಂತೆ ತೆನೆಯನ್ನು ಕೊಯ್ಯಿರಿ ಎನ್ನುವಾಗಲೇ ಶತ್ರುವನ್ನೂ ಕೊಯ್ಯಿರಿ, ಹೊರೆ ಕಟ್ಟಿ ನೀರಿನಾಚೆಗೆ ಇಳಿಸಿ ಬನ್ನಿ, ನೀವು ಬಂದದ್ದು ನೀರಿನಾಚೆಯಿಂದ ಅಲ್ಲವೇ, ಒಂದೇ ಸಾಲಿನಲ್ಲಿ ಇಷ್ಟನ್ನು ಅಡಗಿಸಿಟ್ಟವನು ಹಳ್ಳಿಗನಲ್ಲ, ಕವಿ. ದೊರೆ ಚಹಾ ಬಟ್ಟಲು ಕೆಳಗಿಟ್ಟ. ಇದನ್ನೆಲ್ಲ ಬರೆದುಕೊಡುತ್ತೀರಾ, ಇಷ್ಟು ಚೆನ್ನಾಗಿ ಓದುವವರನ್ನು ನಾನು ಈ ದೇಶದಲ್ಲಿ ನೋಡಿಲ್ಲ, ಅಂದ. ಆಗಲಿ. ಎರಡು ಪುಟ, ಮುತ್ತು ಪೋಣಿಸಿದಂಥ ಅಕ್ಷರ, ಎಲ್ಲಿಯೂ ಚಿತ್ತಿಲ್ಲ, ಕೆಳಗೆ ಹೆಸರೂ ಇಲ್ಲ, ಹೆಸರು ಬೇಡ ಪಂಡಿತರೇ, ನಿಮಗೆ ತೊಂದರೆಯಾಗಬಾರದು.

ಅದೇ ಕೋಟೆಯಲ್ಲಿ ಆಮೇಲೆ ಅವರಿಗೊಂದು ಕೋಣೆ ಕೊಟ್ಟರು, ಈ ಸೀಮೆಯ ಮಾತುಗಳನ್ನೆಲ್ಲ ಕೂಡಿಸಿ ಒಂದು ಕೋಶ ಮಾಡಿ ಅಂತ, ಅವರ ಬಳಿ ಓದಲು ಬಂದವರೆಲ್ಲ, ಇವರು ದೊರೆಗೆ ಬೇಕಾದವರು, ಎಂದು ಪಿಸುಗುಟ್ಟುತ್ತಿದ್ದರು, ಕೋಶ ಅ ಅಕ್ಷರವನ್ನೂ ದಾಟಲಿಲ್ಲ. ಮತ್ತೆ ಆ ಕೋರ್ಟು, ಕಟಕಟೆಯಲ್ಲಿ ಸಣ್ಣಸ್ವಾಮಿ, ಹಿಂದಿನ ಬೆಂಚಿನಲ್ಲಿ ತಾವು, ಯಾಕೆ ಹೋಗಿದ್ದೆ, ನೋಡಲಿಕ್ಕೆ, ಏನನ್ನು, ಗೊತ್ತಿಲ್ಲ, ಗುಮಾಸ್ತ ಎರಡು ಪುಟಗಳನ್ನು ಓದುತ್ತಾನೆ, ಒಬ್ಬ ವಿದ್ವಾಂಸರ ಅಭಿಪ್ರಾಯ ಎನ್ನುತ್ತಾನೆ, ಅಷ್ಟರ ತನಕ ನೆಲ ನೋಡುತ್ತಿದ್ದ ಸಣ್ಣಸ್ವಾಮಿ ಮೂರನೆಯ ಅರ್ಥ ಬಂದೊಡನೆ ತಲೆಯೆತ್ತಿದ, ತಲೆದೂಗಿದ, ಸಂಗೀತ ಕಚೇರಿಯಲ್ಲಿ ಒಳ್ಳೆಯ ಸಂಗತಿ ಬಿದ್ದಾಗ ತೂಗುವ ಹಾಗೆ, ಮುಖದಲ್ಲಿ ಬೆಳಕು, ಎರಡು ವರ್ಷದ ಶಿಕ್ಷೆ ಅದರ ಬೆನ್ನಿಗೇ ಬಂತು, ಆದರೂ ಆ ಬೆಳಕು ಇತ್ತು, ಗುರುವಪ್ಪನವರು ಅದನ್ನು ಕಂಡಿದ್ದಾರೆ, ಯಾರಿಗೂ ಹೇಳಿಲ್ಲ, ಹನ್ನೊಂದು ವರ್ಷ ಅದನ್ನು ಕೆಂಡದ ಹಾಗೆ ಬೂದಿಯಲ್ಲಿ ಮುಚ್ಚಿಟ್ಟು ಚಳಿಗೆ ಕೈಯೊಡ್ಡಿದ್ದಾರೆ, ಹಾಡನ್ನು ಅರಿತವರು ಲೋಕದಲ್ಲಿ ಇಬ್ಬರೇ, ಬರೆದವನೊಬ್ಬ, ಓದಿದವನೊಬ್ಬ, ಉಳಿದವರು ಹಾಡಿದವರು.

ಫ್ರೇಸರ್‌ಪೇಟೆ, ಕಂಡಕ್ಟರ್ ಕೂಗುತ್ತಾನೆ, ಇಳಿದರೆ ಮಂಜೇ ಇಲ್ಲ, ಬಯಲು ಬಿಸಿಲು, ಹೊಳೆಯ ಕಡೆಗೆ ಹೋಗುವ ಓಣಿ, ಬಿದಿರು ರಾಶಿ, ಹೆಂಚಿನ ಸಣ್ಣ ಮನೆ, ಜಗಲಿಯ ಮೇಲೆ ಸಣ್ಣಸ್ವಾಮಿ ಹಗ್ಗ ಹೊಸೆಯುತ್ತಾ ಕೂತಿದ್ದಾನೆ, ಇಷ್ಟು ತೆಳ್ಳಗೆ ಇದ್ದನೇ, ಜೈಲಿನಿಂದ ಎದೆನೋವು ತಂದ ಎಂದು ಕೇಳಿದ್ದರು, ಉಸಿರು ದೂರದಿಂದಲೇ ಕೇಳುತ್ತದೆ, ಗರಗಸ ಎಳೆದ ಹಾಗೆ. ಬಾರಯ್ಯ ಅಂದ, ನಿನ್ನೆ ಸಂಜೆ ಬಿಟ್ಟುಹೋದವನನ್ನು ಕರೆಯುವ ಹಾಗೆ. ಒಳಗಿನಿಂದ ಅವನ ಹೆಂಡತಿ ನಿಂಗಮ್ಮ ಬೆಲ್ಲದ ಕಾಫಿ ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಅವನು ಜೈಲಿನಲ್ಲಿದ್ದಾಗ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದು ಕಾಫಿ ಕೊಯ್ದು ಎರಡು ಮಕ್ಕಳನ್ನು ಸಾಕಿದವಳು, ಚೆನ್ನಾಗಿದ್ದೀರಾ ಪಂಡಿತ್ರೇ ಎಂದು ಕೇಳಿದಳು, ದನಿಯಲ್ಲಿ ಏನೂ ಇಲ್ಲ. ಗುರುವಪ್ಪನವರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು, ಎಷ್ಟು ಚಂದ ಜೋಡಿಸಿದ್ದರು, ಸಮಾಸ, ಯತಿ ಎಲ್ಲ ಇದ್ದವು, ಕಾಫಿಯ ಹಬೆಯ ಜೊತೆ ಎಲ್ಲ ಹಾರಿಹೋಗಿ ಉಳಿದದ್ದು ಇಷ್ಟೇ, ಸಣ್ಣಸ್ವಾಮಿ, ಅವತ್ತು ಬರೆದುಕೊಟ್ಟವನು ನಾನು. ಹಗ್ಗ ಹೊಸೆಯುವ ಕೈ ನಿಲ್ಲಲಿಲ್ಲ. ಗೊತ್ತು ಕಣಯ್ಯ, ಅಂದ ಅವನು, ಕೋರ್ಟಲ್ಲಿ ಓದಿದ್ರಲ್ಲ, ಅವತ್ತೇ ಗೊತ್ತಾಯ್ತು, ನಿನ್ ಬಿಟ್ರೆ ಯಾವನಿಗೆ ಹೊಳೀತದೆ ಅದು, ಉಸಿರು ತೆಗೆದುಕೊಂಡ, ಖುಷಿಯಾಯ್ತು, ಹಾಳಾದ್ದು ಆ ಹೊತ್ತಲ್ಲಿ ಖುಷಿಯಾಯ್ತು ನಂಗೆ, ಒಬ್ನಾದ್ರೂ ಅರ್ಥ ಮಾಡ್ಕಂಡ ಅಂತ, ಅದ್ನೇ ಇವತ್ತಿನವರೆಗೂ ಇವಳಿಗೆ ಹೇಳಕ್ಕಾಗಿಲ್ಲ. ಹಾಗಾದರೆ ಅದು ನಿಜ, ಆ ಬೆಳಕು ನಿಜ, ಗುರುವಪ್ಪನವರ ಕಣ್ಣು ಮಂಜಾಯಿತು, ಇಬ್ಬರು ಮುದುಕರು ಜಗಲಿಯಲ್ಲಿ ಕೂತು ಒಂದೇ ಬೆಂಕಿಗೆ ಕೈಯೊಡ್ಡಿದ ಹಾಗೆ ಒಂದು ಗಳಿಗೆ, ಒಂದೇ ಗಳಿಗೆ, ಹೊಳೆಯ ಸದ್ದು, ಬಿದಿರಿನ ಸದ್ದು, ಗಂಟಲಿನಲ್ಲಿ ಬೆಲ್ಲದ ಸಿಹಿ.

ನಿಂಗಮ್ಮ ಬಾಗಿಲು ಬಿಟ್ಟು ಮುಂದೆ ಬಂದಳು. ಕೂಗಲಿಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು, ಗಂಡನನ್ನೂ ನೋಡಿದಳು ಇವರನ್ನೂ ನೋಡಿದಳು. ನಿಮ್ಮಿಬ್ರಿಗೇ ಅರ್ಥ ಆಗಿತ್ತು ಅನ್ಕಂಡ್ರಾ, ಅಂದಳು. ಹಾಡ್ದೋರು ನಾವು ಹದಿನೆಂಟು ಜನ ಹೆಂಗಸ್ರು. ಮೊದಲ್ನೇ ದಿನ ಗದ್ದೇಲಿ ಹಾಡ್ದಾಗ್ಲೇ ಚಲುವಮ್ಮ ನಕ್ಕಳು, ನಮ್ ಮೇಷ್ಟ್ರು ಯಾರ್ನ ಕೊಯ್ಯಕ್ಕೆ ಹೇಳ್ತಾವ್ರೆ ನೋಡ್ರಮ್ಮಿ ಅಂತ, ಎಲ್ರೂ ನಕ್ಕಿದ್ವಿ, ದಾನವ್ರ ಅರಿ ಮುರಾರಿ ಅಂತ ಭಜನೇಲಿ ಹಾಡೋ ನಮಗೆ ಅರಿ ಅಂದ್ರೆ ಏನು ಅಂತ ಗೊತ್ತಿರ್ನಿಲ್ವಾ. ಆಮೇಲೆ ಅವಳು ಹೇಳಿದ್ದನ್ನು ಗುರುವಪ್ಪನವರು ಕೇಳಿದರೋ ಕಂಡರೋ, ಪೊಲೀಸರು ಬಂದು ಹದಿನೆಂಟು ಮಂದಿಯನ್ನೂ ಠಾಣೆಯ ಮುಂದಿನ ಬಿಸಿಲಿನಲ್ಲಿ ಕೂರಿಸಿದ್ದರು, ಮೂರು ದಿನ, ನೀರು ಕೇಳಿದರೆ ಹಾಡಿನ ಅರ್ಥ ಹೇಳು ಎನ್ನುತ್ತಿದ್ದರು, ಚಲುವಮ್ಮ ಎಂಟು ತಿಂಗಳ ಬಸುರಿ, ಎರಡನೇ ದಿನ ಅಲ್ಲೇ ಹೊರಳಿಬಿದ್ದಳು, ಕೂಸು ದಕ್ಕಲಿಲ್ಲ. ಅವಳ್ನೂ ಬಿದ್ದಲ್ಲೇ ಎಚ್ಚರಿಸಿ ಕೇಳಿದ್ರು, ಅಂದಳು ನಿಂಗಮ್ಮ, ಅರಿ ಅಂದ್ರೆ ಏನು, ಅರಿ ಅಂದ್ರೆ ತೆನೆ ಸ್ವಾಮಿ, ಎಷ್ಟು ತೆನೆ, ಇಷ್ಟು ಸ್ವಾಮಿ — ಹಾಗೆಂದು ಬಲಗೈಯನ್ನು ಮುಂದಕ್ಕೆ ಚಾಚಿ ಬೆರಳು ಮಡಿಸಿ ತೋರಿಸಿದಳು, ತೆನೆಯ ಗಾತ್ರಕ್ಕೆ ಒಳಗೆ ಜಾಗ ಬಿಟ್ಟ ಮುಷ್ಟಿ, ಹೆಬ್ಬೆರಳು ಮೇಲೆ ಬಿಗಿದ ಮುಷ್ಟಿ, ಹದಿನೆಂಟು ಜನವೂ ಹಿಂಗೇ ತೋರಿಸಿದ್ವಿ, ಒಬ್ಳೂ ಬೇರೆ ಮಾತಾಡ್ನಿಲ್ಲ, ನಾವು ಓದ್ದೋರಲ್ವಲ್ಲ. ಹಗ್ಗ ಸಣ್ಣಸ್ವಾಮಿಯ ತೊಡೆಯಿಂದ ಜಾರಿತು. ಇದ್ಯಾಕೆ ನಂಗೆ ಹೇಳ್ನಿಲ್ಲ ನಿಂಗಿ, ಅಂದ ಅವನು. ನೀನು ಕೇಳ್ನಿಲ್ಲ, ಅಂದಳು. ಗುರುವಪ್ಪನವರು ಜೇಬಿನ ಕಾಗದ ತೆಗೆದು ಅವಳ ಮುಂದೆ ಹಿಡಿದರು, ಯಾಕೆ ಹಿಡಿದರೋ, ಟಿಪ್ಪಣಿ ಕೇಳಿದ್ದಾರೆ, ನಾನು ಬರೆಯುವುದಿಲ್ಲ, ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದರು, ಅವಳು ಕಾಗದ ಮುಟ್ಟಲಿಲ್ಲ. ಬರೀರಿ, ಅಂದಳು. ಅವತ್ತು ಹೆಸರಿಲ್ದೆ ಬರೆದ್ರಲ್ಲ, ಇವತ್ತು ಹೆಸ್ರು ಹಾಕಿ ಬರೀರಿ, ಅವತ್ತು ಬರೆದಿದ್ದೂ ನಾನೇ ಅಂತ ಬರೀರಿ, ಚಲುವಮ್ಮನ ಹೆಸ್ರೂ ಇರ್ಲಿ. ಮಕ್ಕಳು ಓದ್ಕತವೆ.

ವಾಪಸು ಬಸ್ಸು, ಮಧ್ಯಾಹ್ನದ ಬಸ್ಸು, ಮೇಲಕ್ಕೆ ಏರುತ್ತಾ ನರಳುತ್ತದೆ, ಗುಡ್ಡೆಹೊಸೂರು ಹಿಂದಾಯಿತು, ತೊಡೆಯ ಮೇಲೆ ಕಾಗದ ಮಗುಚಿ ಇಟ್ಟು ಗುರುವಪ್ಪನವರು ಸೀಸದಕಡ್ಡಿಯಿಂದ ಬರೆಯುತ್ತಿದ್ದಾರೆ, ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಸೊಟ್ಟ, ಆಗಲಿ, ೧೯೪೨ರಲ್ಲಿ ಈ ಹಾಡಿನ ಅರ್ಥವನ್ನು ಸರ್ಕಾರಕ್ಕೆ ಬರೆದುಕೊಟ್ಟವನು ನಾನು, ಗುರುವಪ್ಪ, ಬರೆದಾಯಿತು, ಧರ್ಮಪಾಲ ಇದನ್ನು ಅಚ್ಚು ಹಾಕುವುದಿಲ್ಲ, ಮೇಲಿನವರಿಗೆ ತೋರಿಸುತ್ತಾನೆ, ಮೇಲಿನವರು ತಲೆಯಾಡಿಸುತ್ತಾರೆ, ಹಾಡಿಲ್ಲದೆ ಪುಸ್ತಕ ಬರಬಹುದು, ಬರಲಿ, ಯಮುನಳಿಗೆ ಮೊದಲು ಓದಿ ಹೇಳಬೇಕು, ಕಣ್ಣಿಗೆ ನಿದ್ದೆ ಬಂದ ಹಾಗೆ, ಮತ್ತೆ ಮಂಜು, ಮಂಜಿನಲ್ಲಿ ಒಂದು ಗದ್ದೆ ತೇಲುತ್ತದೆ, ಹೆಂಗಸರು ಸಾಲಾಗಿ ಬಿಸಿಲಿಗೆ ಕೂತಿದ್ದಾರೆ, ಮುಖ ಕಾಣುವುದಿಲ್ಲ, ಒಬ್ಬೊಬ್ಬಳಾಗಿ ಕೈ ಚಾಚುತ್ತಾಳೆ, ಮೂರು ಭಾಷೆಯ ಕೋಶ ಅರೆದು ಕುಡಿದವನು ಇದನ್ನೊಂದು ಬರೆಯಬೇಕು, ಮಕ್ಕಳಿಗೆ ತಿಳಿಯುವ ಹಾಗೆ ಬರೆಯಬೇಕು, ಈ ಹಾಡಿನಲ್ಲಿ ಅರಿ ಎಂದರೆ, ಬರೆದರು, ಅರಿ ಎಂದರೆ, ಕಡ್ಡಿ ಅಲ್ಲೇ ನಿಂತಿತು, ತೆನೆಯಲ್ಲ, ತಿಳಿವಲ್ಲ, ಮೂರನೆಯದೂ ಅಲ್ಲ, ಅರಿ ಎಂದರೆ — ಚಾಚಿದ ಕೈ, ಮಡಿಸಿದ ಬೆರಳು, ಒಳಗೆ ಒಂದು ಹಿಡಿ ಜಾಗ, ಹೆಬ್ಬೆರಳು ಮೇಲೆ ಬಿಗಿದ ಮುಷ್ಟಿ, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಚಲುವಮ್ಮನದು, ನೆಲದ ಮೇಲೆ ಬಿದ್ದಲ್ಲಿಂದಲೇ ಎತ್ತಿದ ಮುಷ್ಟಿ